ಚಪ್ಪಾಳೆ ಇಲ್ಲದ ರಾತ್ರಿಗಳು



ನನ್ನ ದನಿ ನಿಮಗೆ ಪರಿಚಯ. ಅಕ್ಷರದ ಮೂಲಕ ಭೇಟಿಯಾಗುವುದು ಈ ವಾರ್ತಾಪತ್ರದಲ್ಲಿ ಮಾತ್ರ. ಈ ಸಲ ನಗುವಿನ ಒಂದು ಸಣ್ಣ ಚರಿತ್ರೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅದಕ್ಕೆ ಮೊದಲು ಒಂದು ಕುಕ್ಕರಿನ ಕಥೆ ಹೇಳಬೇಕು.

2020ರ ಏಪ್ರಿಲ್ ತಿಂಗಳು. ಡೊಂಬಿವಲಿಯ ನಮ್ಮ ಒಂದು ಕೋಣೆ, ಒಂದು ಅಡುಗೆಮನೆಯ ಮನೆ. ಹೊರಗಿನ ಸದ್ದು ಬರದಿರಲಿ ಎಂದು ತಲೆಯ ತುಂಬ ಕಂಬಳಿ ಹೊದ್ದುಕೊಂಡು, ಆ ಸೆಕೆಯಲ್ಲಿ ಬೆವರುತ್ತಾ, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ಕಾರ್ಯಕ್ರಮದ ನಿರೂಪಣೆಯನ್ನು ಧ್ವನಿಮುದ್ರಿಸುತ್ತಿದ್ದೆ. ಒಂದು ಚುಟುಕು ಹೇಳಿ ಮುಗಿಸುವುದಕ್ಕೂ ಅಡುಗೆಮನೆಯಲ್ಲಿ ಅತ್ತೆಯವರು ಇಟ್ಟಿದ್ದ ಕುಕ್ಕರ್ ಕೂಗುವುದಕ್ಕೂ ಸರಿಹೋಯಿತು. ಮತ್ತೆ ಮುದ್ರಿಸುವಷ್ಟು ಸಮಯ ಇರಲಿಲ್ಲ. ಹಾಗೇ ಕಳಿಸಿದೆ, ಹಾಗೇ ಪ್ರಸಾರವಾಯಿತು.

ಮರುದಿನ ನಿಮ್ಮ ಸಂದೇಶಗಳು ಬಂದವು. ನನ್ನ ಚುಟುಕಿನ ಬಗ್ಗೆ ಯಾರೂ ಒಂದಕ್ಷರ ಬರೆದಿರಲಿಲ್ಲ. ಎಲ್ಲರಿಗೂ ಕುಕ್ಕರಿನದೇ ಚಿಂತೆ. ಒಳಗಿದ್ದದ್ದು ಅನ್ನವೋ ಬೇಳೆಯೋ? ಎಷ್ಟನೆಯ ಕೂಗು ಅದು? ಒಬ್ಬ ಹಿರಿಯರು ಬರೆದಿದ್ದರು: “ಇಷ್ಟು ವರ್ಷ ನೀವು ರೇಡಿಯೋದವರು ಆಗಿದ್ದಿರಿ, ನಿನ್ನೆ ಪಕ್ಕದ ಮನೆಯವರಾದಿರಿ.” ಓದಿ ಬಹಳ ಖುಷಿಯಾಯಿತು. ಅದರ ಕೆಳಗೇ ಇನ್ನೊಂದು ಸಂದೇಶವಿತ್ತು: “ಊರಿಗೆ ಊರೇ ಹೆದರಿ ಕೂತಿರುವಾಗ ನಿಮಗೆ ನಗು ಹೇಗಮ್ಮಾ ಬರುತ್ತದೆ?” ಮೊದಲನೆಯದಕ್ಕೆ ಕೂಡಲೇ ಉತ್ತರಿಸಿದೆ. ಎರಡನೆಯದಕ್ಕೆ ಏನು ಬರೆಯಬೇಕೋ ತಿಳಿಯದೆ ಫೋನನ್ನು ಮಗುಚಿಟ್ಟೆ.

ಈ ಎರಡು ಸಂದೇಶಗಳು ನನಗೆ ಮಾತ್ರ ಬಂದವಲ್ಲ. ಅದೇ ವಾರಗಳಲ್ಲಿ ಮನೆಯಲ್ಲಿ ಕೂತು ನಗಿಸಲು ಹೊರಟ ಪ್ರಪಂಚದ ಎಲ್ಲ ಹಾಸ್ಯಗಾರರಿಗೂ ಈ ಎರಡೇ ಬಗೆಯ ಉತ್ತರ ಬಂತು. ಅವುಗಳ ಹಿಂದಿನ ಕಥೆ ತಿಳಿಯಬೇಕಾದರೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮನೆಯಿಂದಲೇ ಶುರುವಾದದ್ದು

ಮನೆಯಿಂದ ಪ್ರಸಾರ ಎಂದರೆ ಏನೋ ಹೊಸದು ಎಂದು 2020ರಲ್ಲಿ ಎಲ್ಲರೂ ಹೇಳಿದರು. ಕನ್ನಡಿಗರಾದ ನಾವು ಹಾಗೆ ಹೇಳುವಂತಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದ್ದು ತಮ್ಮ ಸ್ವಂತ ಮನೆಯಲ್ಲೇ. ಆ ಮನೆಯ ಹೆಸರು ‘ವಿಠ್ಠಲ ವಿಹಾರ’. ‘ಆಕಾಶವಾಣಿ’ ಎಂಬ ಚೆಂದದ ಹೆಸರು ಬಳಕೆಗೆ ಬಂದದ್ದೂ ಆ ಕೇಂದ್ರದಿಂದ. ಹಾಸ್ಯ ಬರಹಗಾರ ನಾ. ಕಸ್ತೂರಿಯವರಿಗೂ ಆ ಕೇಂದ್ರದ ಒಡನಾಟವಿತ್ತು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಅಂದರೆ ಕನ್ನಡದ ಬಾನುಲಿಗೆ ಮೊದಲ ಸ್ಟುಡಿಯೋ ಒಂದು ಸಂಸಾರವಂದಿಗರ ಮನೆ.

ಮನೆಯೇ ಆಗಲಿ ಸ್ಟುಡಿಯೋವೇ ಆಗಲಿ, ರೇಡಿಯೋದಲ್ಲಿ ಮಾತಾಡುವವರ ಎದುರಿಗೆ ಯಾರೂ ಇರುವುದಿಲ್ಲ. ಎದುರಿಗೆ ಗೋಡೆ, ಮೇಜು, ಒಂದು ಮೈಕು. ನಾವು ಹೇಳಿದ್ದಕ್ಕೆ ನೀವು ನಕ್ಕಿರೋ, ಆಕಳಿಸಿದಿರೋ, ರೇಡಿಯೋ ಬಂದ್ ಮಾಡಿ ಎದ್ದುಹೋದಿರೋ, ಆ ಗಳಿಗೆಯಲ್ಲಿ ನಮಗೆ ಗೊತ್ತಾಗುವುದಿಲ್ಲ. ಉತ್ತರ ಅಂಚೆಯಲ್ಲಿ ಬರಬೇಕು.

ಆ ಅಂಚೆಯ ಮಹಿಮೆಯನ್ನು ನಮ್ಮ ಮುಂಬಯಿಗಿಂತ ಚೆನ್ನಾಗಿ ಬಲ್ಲ ಊರಿಲ್ಲ. 1952ರಲ್ಲಿ ಅಮೀನ್ ಸಯಾನಿಯವರು ‘ಬಿನಾಕಾ ಗೀತಮಾಲಾ’ ಆರಂಭಿಸಿದಾಗ ಮಾತುಗಳನ್ನು ಬೊಂಬಾಯಿಯಲ್ಲಿ ಮುದ್ರಿಸಿ ಟೇಪುಗಳನ್ನು ಸಿಲೋನಿಗೆ ಕಳಿಸಲಾಗುತ್ತಿತ್ತು. ಬುಧವಾರ ರಾತ್ರಿ ರೇಡಿಯೋ ಸಿಲೋನಿನಿಂದ ಅದು ಪ್ರಸಾರವಾಗುತ್ತಿತ್ತು. ಮೊದಲ ಕಾರ್ಯಕ್ರಮಕ್ಕೆ ಬಂದ ಪತ್ರಗಳು 9,000, ವರ್ಷ ಕಳೆಯುವುದರೊಳಗೆ ವಾರಕ್ಕೆ 65,000 ಎಂದು ಸಯಾನಿಯವರೇ ಹೇಳುತ್ತಿದ್ದರು. ಬೊಂಬಾಯಿಯ ಕೋಣೆಯೊಂದರಲ್ಲಿ ಒಬ್ಬರೇ ಕೂತು ಅವರು “ಬೆಹನೋ ಔರ್ ಭಾಯಿಯೋ” ಎಂದು ಕರೆದದ್ದಕ್ಕೆ ಬಂದ ‘ಓ’ ಅದು. 2024ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ನಮ್ಮ ಕಸುಬಿನವರಿಗೆಲ್ಲ ಮನೆಯ ಹಿರಿಯರನ್ನು ಕಳಕೊಂಡಂತಾಯಿತು.

ನಗುವನ್ನು ಒಳಗೆ ಕರೆತಂದವರು

ಹಾಡಿಗೆ ಉತ್ತರ ತಡವಾಗಿ ಬಂದರೆ ನಡೆಯುತ್ತದೆ. ಹಾಸ್ಯಕ್ಕೆ ನಡೆಯುವುದಿಲ್ಲ. ನಗಿಸುವವನಿಗೆ ನಗು ಆಗಲೇ ಕೇಳಬೇಕು. ಅದರ ಮೇಲೆಯೇ ಆತ ಮುಂದಿನ ಮಾತಿನ ಹೊತ್ತನ್ನು ಅಳೆಯುವುದು. 1932ರಲ್ಲಿ ಅಮೆರಿಕದ ರೇಡಿಯೋದಲ್ಲಿ ‘ಫೈರ್ ಚೀಫ್’ ಎಂಬ ಹಾಸ್ಯ ಕಾರ್ಯಕ್ರಮ ನಡೆಸಿದ ಎಡ್ ವಿನ್ ರಂಗಭೂಮಿಯಿಂದ ಬಂದವರು. ಎದುರಿಗೆ ಜನ ಇಲ್ಲದೆ ಆಗದು ಎಂದು ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂಡಿಸಿಕೊಂಡರು. ಕೇಳುಗರಿಗೆ ಕಾಣದಿದ್ದರೂ ವೇಷ ಹಾಕಿ, ಬಣ್ಣ ಬಳಿದುಕೊಂಡೇ ಮೈಕಿನ ಮುಂದೆ ನಿಲ್ಲುತ್ತಿದ್ದರು. ಟೆಲಿವಿಷನ್ ಬಂದ ಮೇಲೆ, 1950ರ ದಶಕದಲ್ಲಿ, ಚಾರ್ಲ್ಸ್ ಡಗ್ಲಾಸ್ ಎಂಬ ಧ್ವನಿ ಎಂಜಿನಿಯರ್ ನಗುವಿನ ಪೆಟ್ಟಿಗೆಯನ್ನೇ ತಯಾರಿಸಿದರು. ಗುಂಡಿ ಒತ್ತಿದರೆ ಕಿಸಕ್ಕೆಂಬ ನಗು, ಇನ್ನೊಂದು ಒತ್ತಿದರೆ ಹೊಟ್ಟೆ ಹುಣ್ಣಾಗುವ ನಗು. ಮನೆಯಲ್ಲಿ ಒಬ್ಬರೇ ಕೂತು ನೋಡುವವರಿಗೂ ತಾವು ತುಂಬಿದ ಸಭೆಯಲ್ಲಿದ್ದೇವೆ ಎನಿಸಬೇಕು, ಅಷ್ಟೇ ಅದರ ಉದ್ದೇಶ.

ಅಮೆರಿಕದಲ್ಲಿ 1954ರ ಸೆಪ್ಟೆಂಬರಿನಲ್ಲಿ ಸ್ಟೀವ್ ಆಲನ್ ನಿರೂಪಣೆಯ ‘ಟುನೈಟ್ ಶೋ’ ರಾಷ್ಟ್ರವ್ಯಾಪಿ ಪ್ರಸಾರಕ್ಕೆ ಬಂತು. ಮಲಗುವ ಮುನ್ನ ಒಬ್ಬ ಸೂಟುಧಾರಿ ಬಂದು ದಿನದ ಸುದ್ದಿಯನ್ನು ಗೇಲಿ ಮಾಡುವುದು, ಸಭೆ ಚಪ್ಪಾಳೆ ತಟ್ಟುವುದು, ಅತಿಥಿಯೊಬ್ಬರು ಬಂದು ಸೋಫಾದಲ್ಲಿ ಕೂರುವುದು, ಹೀಗೆ ಅದೊಂದು ಪದ್ಧತಿಯೇ ಆಯಿತು. ಅದೇ ಜಾಡಿನಲ್ಲಿ ನಮ್ಮ ಮುಂಬಯಿಯಲ್ಲಿ 1997ರ ಕೊನೆಗೆ ಶೇಖರ್ ಸುಮನ್ ಸೋನಿ ವಾಹಿನಿಯಲ್ಲಿ ‘ಮೂವರ್ಸ್ ಅಂಡ್ ಶೇಕರ್ಸ್’ ತಂದರು. ರಾತ್ರಿ ಊಟ ಮುಗಿಸಿ, ಮಕ್ಕಳನ್ನು ಮಲಗಿಸಿ, ದೊಡ್ಡವರು ಅದನ್ನು ನೋಡುತ್ತಿದ್ದುದು ನಿಮಗೆ ನೆನಪಿರಬಹುದು. ಮಲಗಿದಂತೆ ನಟಿಸುತ್ತಾ ಚಾದರದೊಳಗಿನಿಂದ ಕೇಳಿಸಿಕೊಂಡ ಮಕ್ಕಳಲ್ಲಿ ನಾನೂ ಒಬ್ಬಳು. ರಾಜಕಾರಣಿಗಳ ಅಣಕು ನನಗೆ ತಿಳಿಯುತ್ತಿರಲಿಲ್ಲ. ಅಪ್ಪ ನಕ್ಕಾಗ ನಾನೂ ನಗುತ್ತಿದ್ದೆ. ನಗುವುದನ್ನು ನಾವು ಕಲಿಯುವುದೇ ಪಕ್ಕದಲ್ಲಿ ಕೂತವರಿಂದ ಅಲ್ಲವೇ?

ಪಕ್ಕದಲ್ಲಿ ಯಾರೂ ಇಲ್ಲವಾದಾಗ

2020ರ ಮಾರ್ಚ್ 19ರಿಂದ ಮುಂಬಯಿಯ ಸಿನಿಮಾ, ಧಾರಾವಾಹಿಗಳ ಶೂಟಿಂಗ್ ನಿಂತಿತು. 22ರಂದು ಜನತಾ ಕರ್ಫ್ಯೂ. ಅಂದು ಸಂಜೆ ಐದು ಗಂಟೆಗೆ ಕಿಟಕಿ, ಗ್ಯಾಲರಿಗಳಲ್ಲಿ ನಿಂತು ಊರು ಚಪ್ಪಾಳೆ ತಟ್ಟಿತು, ತಟ್ಟೆ ಬಡಿಯಿತು. ಆ ಮಧ್ಯರಾತ್ರಿಯಿಂದ ಲೋಕಲ್ ರೈಲುಗಳು ನಿಂತವು. 25ರಿಂದ ದೇಶಕ್ಕೇ ಬೀಗ. 28ರಿಂದ ದೂರದರ್ಶನ ಹಳೆಯ ‘ರಾಮಾಯಣ’ವನ್ನು ಮತ್ತೆ ತೋರಿಸತೊಡಗಿತು. ಹೊಸದಾಗಿ ತೋರಿಸಲು ಯಾರ ಬಳಿಯೂ ಏನೂ ಇರಲಿಲ್ಲ.

ಆ ರಾತ್ರಿಗಳಲ್ಲಿ ನಿದ್ದೆ ಬಾರದವರು ಯೂಟ್ಯೂಬಿನಲ್ಲಿ ಒಂದು ವಿಚಿತ್ರವನ್ನು ನೋಡಿದರು. ಅಮೆರಿಕದ ಹೆಸರಾಂತ ನಡುರಾತ್ರಿಯ ಹಾಸ್ಯಗಾರರು ತಮ್ಮ ತಮ್ಮ ಮನೆಗಳಲ್ಲಿ ಕೂತಿದ್ದರು. ಮಾರ್ಚ್ 16ರಂದು ಸ್ಟೀಫನ್ ಕೋಲ್ಬೇರ್ ಸೂಟು ತೊಟ್ಟುಕೊಂಡೇ ಸ್ನಾನದ ತೊಟ್ಟಿಯಲ್ಲಿ ನೊರೆಯ ನಡುವೆ ಕೂತು ಮಾತಾಡಿದರು. ಮರುದಿನದಿಂದ ಜಿಮ್ಮಿ ಫಾಲನ್ ಮನೆಯಿಂದ ಕಾರ್ಯಕ್ರಮ ಶುರುಮಾಡಿದರು. ಕ್ಯಾಮೆರಾ ಹಿಡಿದವರು ಅವರ ಹೆಂಡತಿ ನ್ಯಾನ್ಸಿ, ಹೆಸರಿನ ಫಲಕ ಬರೆದವರು ಪುಟ್ಟ ಹೆಣ್ಣುಮಕ್ಕಳು. ಅಪ್ಪ ಗಂಭೀರವಾಗಿ ಜೋಕು ಓದುತ್ತಿದ್ದರೆ ಮಕ್ಕಳು ಹೆಗಲೇರುತ್ತಿದ್ದರು. ದೊಡ್ಡ ಮಗಳು ಒಮ್ಮೆ ಅತಿಥಿಯೊಡನೆ ಮಾತು ನಡೆಯುತ್ತಿರುವಾಗಲೇ ಬಂದು ತನ್ನ ಹಲ್ಲು ಬಿದ್ದ ಸುದ್ದಿ ಹೇಳಿದಳು. ಸಮಂತಾ ಬೀ ಮನೆಯ ಹಿಂದಿನ ಕಾಡಿನಲ್ಲಿ ನಿಂತು ಮಾತಾಡಿದರು, ಚಿತ್ರೀಕರಿಸಿದ್ದು ಗಂಡ. ಕಾನನ್ ಓ’ಬ್ರಯನ್ ಐಫೋನಿನಲ್ಲೇ ಕೆಲಸ ಮುಗಿಸಿದರು. ಸೇತ್ ಮೈಯರ್ಸ್ ಅಟ್ಟ ಹತ್ತಿ ಕೂತರು.

ಎಲ್ಲರಲ್ಲೂ ಒಂದೇ ಕೊರತೆ. ಜೋಕು ಮುಗಿಯುತ್ತದೆ, ಆಮೇಲೆ ಮೌನ. ಹಾಸ್ಯಗಾರ ಅಭ್ಯಾಸಬಲದಿಂದ ಒಂದು ಕ್ಷಣ ನಿಲ್ಲುತ್ತಾನೆ, ನಗು ಬರುವುದಿಲ್ಲ. ಹಿಂದೆ ಒಂದೊಂದು ದಿನದ ಮಟ್ಟಿಗೆ ಹೀಗಾದದ್ದುಂಟು. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಬಡಿದಾಗ ಡೇವಿಡ್ ಲೆಟರ್‌ಮನ್ ಮತ್ತು ಫಾಲನ್ ಖಾಲಿ ಕುರ್ಚಿಗಳ ಮುಂದೆ ಕಾರ್ಯಕ್ರಮ ನಡೆಸಿದ್ದರು. ಈ ಸಲ ಅದು ತಿಂಗಳುಗಟ್ಟಲೆ ನಡೆಯಿತು.

ನೋಡಿದವರು ಎರಡು ಪಕ್ಷವಾದರು. ನಗೆಯ ಸದ್ದಿಲ್ಲದ ಜೋಕು ಉಪ್ಪಿಲ್ಲದ ಸಾರು ಎಂದರು ಕೆಲವರು. ಜನರ ನಗು ಕಳಚಿದ ಮೇಲೆಯೇ ಜೋಕಿನ ಬಡತನ ಗೊತ್ತಾದದ್ದು ಎಂದೂ ಹೇಳಿದರು. ಇನ್ನು ಕೆಲವರಿಗೆ ಇದೇ ಹಿಡಿಸಿತು. ಮೇಕಪ್ಪಿಲ್ಲದ ಮುಖ, ಕತ್ತರಿಸದ ಕೂದಲು, ಮಧ್ಯೆ ನುಗ್ಗುವ ಮಗು, ಇವೆಲ್ಲ ತಮ್ಮ ಮನೆಯಲ್ಲೂ ಇದ್ದವು. ಹಲ್ಲು ಬಿದ್ದ ಹುಡುಗಿಯನ್ನು ನೋಡಿ ಸಂತೋಷಪಟ್ಟವರಿಗೂ ನನ್ನ ಕುಕ್ಕರಿನ ಕೂಗಿಗೆ ಕಿವಿಗೊಟ್ಟ ನಿಮಗೂ ನಡುವೆ ಏನೂ ಅಂತರವಿಲ್ಲ.

ಯಾರ ಮನೆ?

ಆದರೆ ಮನೆ ಎಂದೊಡನೆ ಇನ್ನೊಂದು ಪ್ರಶ್ನೆ ಎದ್ದಿತು. ಯಾರ ಮನೆ? ಫಾಲನ್ ಮನೆಯೊಳಗೆ ಮಕ್ಕಳಿಗೆ ಜಾರುಬಂಡೆಯೇ ಇತ್ತು. ಏಪ್ರಿಲಿನಲ್ಲಿ ಎಲೆನ್ ಡಿಜೆನೆರಸ್ ತಮ್ಮ ದೊಡ್ಡ ಮನೆಯಲ್ಲಿ ಕೂತು, ಹೀಗೆ ಒಳಗಿರುವುದು ಜೈಲಿನಲ್ಲಿದ್ದಂತೆ ಎಂಬರ್ಥದ ತಮಾಷೆ ಮಾಡಿದಾಗ ವೀಕ್ಷಕರು ಸಿಡಿದೆದ್ದರು. ನಿಜವಾದ ಜೈಲುಗಳಲ್ಲಿ ಜನ ಸೋಂಕಿಗೆ ಸಿಕ್ಕಿ ನರಳುತ್ತಿದ್ದ ಹೊತ್ತು ಅದು. ನಮ್ಮಲ್ಲೂ ಇದೇ ಆಯಿತು. ತಾರೆಯರು ದಿನಕ್ಕೊಂದು ವ್ಯಾಯಾಮದ ವಿಡಿಯೋ ಹಾಕುತ್ತಿದ್ದಾಗ, ಮಾರ್ಚ್ ಕೊನೆಯ ವಾರದಲ್ಲಿ ನಿರ್ದೇಶಕಿ ಫರಾಹ್ ಖಾನ್, ದಯವಿಟ್ಟು ಇವನ್ನು ನಿಲ್ಲಿಸಿ, ಜನರಿಗೆ ಇದಕ್ಕಿಂತ ದೊಡ್ಡ ಚಿಂತೆಗಳಿವೆ ಎಂದು ತಾವೇ ಒಂದು ವಿಡಿಯೋ ಮಾಡಿ ಗದರಿದರು. ಉದ್ಯಮದ ಒಳಗಿನವರೊಬ್ಬರು ವೀಕ್ಷಕರ ಪರವಾಗಿ ಮಾತಾಡಿದ್ದರಿಂದ ಅದು ನಾಟಿತು.

ಮುಂಬಯಿಯಲ್ಲಿ ಮನೆ ಎಂದರೇನು ಎಂದು ನಿಮಗೆ ನಾನು ಹೇಳಬೇಕಿಲ್ಲ. ಏಪ್ರಿಲ್ 1ರಂದು ಧಾರಾವಿಯಲ್ಲಿ ಮೊದಲ ಸೋಂಕು ಪತ್ತೆಯಾಯಿತು. ಎರಡೂವರೆ ಚದರ ಕಿಲೋಮೀಟರಿಗೂ ಕಡಿಮೆ ಜಾಗದಲ್ಲಿ ಲಕ್ಷಗಟ್ಟಲೆ ಜನ, ಸಾಲುಗಟ್ಟಿ ನಿಲ್ಲಬೇಕಾದ ಶೌಚಾಲಯಗಳು. ಹತ್ತು ಅಡಿಯ ಖೋಲಿಯಲ್ಲಿ ಏಳು ಜನ ಇರುವಲ್ಲಿ ‘ಮನೆಯಲ್ಲೇ ಇರಿ’ ಎಂಬ ಮಾತೇ ಒಂದು ಕಹಿ ಜೋಕು. ಮುಚ್ಚಿದ ಹೋಟೆಲುಗಳ ಅಟ್ಟದ ಮೇಲೆ ಸಿಕ್ಕಿಕೊಂಡ ನಮ್ಮ ಕರಾವಳಿಯ ಹುಡುಗರಿಗೆ ಆ ‘ಮನೆ’ಯೂ ಇರಲಿಲ್ಲ.

ಮುಂಬಯಿ ಕನ್ನಡಿಗರಾದ ನಮಗೆ ಇನ್ನೊಂದು ಗಾಯವೂ ಆಯಿತು. ಮೇ ತಿಂಗಳಲ್ಲಿ ‘ಸೇವಾ ಸಿಂಧು’ ಜಾಲತಾಣದಲ್ಲಿ ಹೆಸರು ನೋಂದಾಯಿಸಿ, ಪಾಸಿಗಾಗಿ ಕಾದು, ನಮ್ಮ ಜನ ಉಡುಪಿ, ಮಂಡ್ಯ, ಹಾಸನಗಳಿಗೆ ಹೊರಟರು. ಆ ಜಿಲ್ಲೆಗಳಲ್ಲಿ ಸೋಂಕಿನ ಲೆಕ್ಕ ಏರಿತು. ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರವೂ ಸೇರಿದಂತೆ ಕೆಲವು ರಾಜ್ಯಗಳಿಂದ ಬರುವವರನ್ನು ತಿಂಗಳ ಕೊನೆಯವರೆಗೆ ತಡೆಯಿತು. ಊರಿನಲ್ಲಿ ‘ಮುಂಬಯಿಯವರು’ ಎಂದರೆ ದೂರ ಸರಿಯುವ ಮಾತಾಯಿತು. ಮುಂಬಯಿಯಿಂದ ಬಂದವನನ್ನು ಕಂಡು ಊರು ಓಡುವ ಚೇಷ್ಟೆಯ ವಿಡಿಯೋಗಳು ನನ್ನ ಫೋನಿಗೂ ಬಂದವು, ಕಳಿಸಿದವರು ನೆಂಟರೇ. ವರ್ಷಾನುಗಟ್ಟಲೆ ಊರಿನ ದೇವಸ್ಥಾನಕ್ಕೆ, ಶಾಲೆಗೆ ಹಣ ಕಳಿಸಿದವರು ಒಂದು ವಾರದಲ್ಲಿ ನಗೆಪಾಟಲಾದರು. ನೋಡಿದ ನನಗೆ ನಗು ಬರಲಿಲ್ಲ. ನನಗೆ ಬಂದ ಆ ಎರಡನೆಯ ಸಂದೇಶದ ಬಿಸಿ ಅಂದು ತಟ್ಟಿತು.

ಹಾಗಾದರೆ ನಗಬಾರದಿತ್ತೇ?

1939ರಲ್ಲಿ ಯುದ್ಧ ಘೋಷಣೆಯಾದಾಗ ಬ್ರಿಟನ್ನಿನಲ್ಲಿ ನಾಟಕಶಾಲೆಗಳನ್ನು ಮುಚ್ಚಿದ್ದರು. ಬಿ.ಬಿ.ಸಿ. ತನ್ನ ಮನರಂಜನಾ ವಿಭಾಗವನ್ನು ಲಂಡನ್ನಿನಿಂದ ಬ್ರಿಸ್ಟಲಿಗೆ ಸಾಗಿಸಿತು. ಅಲ್ಲಿಯೂ ಬಾಂಬು ಬಿದ್ದ ಮೇಲೆ 1941ರಲ್ಲಿ ವೇಲ್ಸಿನ ಬ್ಯಾಂಗರಿಗೆ ಹೋಯಿತು. ಆದರೆ ಟಾಮಿ ಹ್ಯಾಂಡ್ಲಿಯವರ ‘ಇಟ್ಮಾ’ ಎಂಬ ಹಾಸ್ಯ ಕಾರ್ಯಕ್ರಮವನ್ನು ಕೈಬಿಡಲಿಲ್ಲ. ಅದು ಗೇಲಿ ಮಾಡಿದ್ದು ಯುದ್ಧಕಾಲದ ಕಚೇರಿಗಳನ್ನು, ಕೊನೆಯಿಲ್ಲದ ನಿಯಮಗಳನ್ನು. ಬಾಂಬಿನಲ್ಲಿ ಮನೆ ಕಳಕೊಂಡವರನ್ನಲ್ಲ. ಜನ ಅದರ ಮಾತುಗಳನ್ನು ತಮ್ಮದಾಗಿಸಿಕೊಂಡು ಬೀದಿಯಲ್ಲಿ ಆಡಿಕೊಂಡರು.

2020ರಲ್ಲಿ ನಮ್ಮವರು ಮೆಚ್ಚಿದ್ದನ್ನು ನೋಡಿದರೂ ಇದೇ ತೋರುತ್ತದೆ. ಬೆಂಗಳೂರಿನ ದಾನಿಶ್ ಸೇಠ್ ನಮ್ಮ ಕಸುಬಿನವರು. ಎಫ್.ಎಂ. ರೇಡಿಯೋದಲ್ಲಿ ಫೋನ್ ತಮಾಷೆಗಳಿಂದ ಹೆಸರಾದವರು, ‘ನೊಗ್ರಾಜ್’ ಎಂಬ ರಾಜಕಾರಣಿಯನ್ನು ಅಲ್ಲಿ ಹುಟ್ಟಿಸಿ 2018ರಲ್ಲಿ ಸಿನಿಮಾಕ್ಕೂ ತಂದವರು. ಲಾಕ್‌ಡೌನಿನಲ್ಲಿ ಮನೆಯಲ್ಲಿ ಒಬ್ಬರೇ ನಿಂತು, ಫೋನ್ ಎದುರಿಗಿಟ್ಟು, ಎಲ್ಲ ಪಾತ್ರವನ್ನೂ ತಾವೇ ಮಾಡಿದರು. ಏನನ್ನೂ ಅರ್ಥವಾಗುವ ಹಾಗೆ ಹೇಳದ ರಾಮಮೂರ್ತಿ, ಮನೆಗೆಲಸದ ಜಯಾ, ಎಲ್ಲದಕ್ಕೂ ‘ಬ್ರೋ’ ಎನ್ನುವ ಹುಡುಗ. ಕನ್ನಡ, ಇಂಗ್ಲಿಷ್, ಹಿಂದಿ ಕಲಸಿದ ಬೆಂಗಳೂರಿನ ಮಾತು. ಹಾಲು ಸಿಗುತ್ತದೆಯೇ, ಕೆಲಸದವರು ಬರಬಹುದೇ, ಪ್ರಧಾನಿ ರಾತ್ರಿ ಎಂಟಕ್ಕೆ ಏನು ಹೇಳುತ್ತಾರೆ, ಇವೇ ವಿಷಯ. ನೋಡಿದವರು ‘ನಮ್ಮ ಅಪಾರ್ಟ್‌ಮೆಂಟಿನ ರಾಮಮೂರ್ತಿ ಇಂಥವರೇ’ ಎಂದು ಒಬ್ಬರಿಗೊಬ್ಬರು ಕಳಿಸಿದರು.

ಏಪ್ರಿಲ್ 6ರಂದು ಸೋನಿಯಲ್ಲಿ ‘ಫ್ಯಾಮಿಲಿ’ ಎಂಬ ನಾಲ್ಕೂವರೆ ನಿಮಿಷದ ಚಿತ್ರ ಬಂತು. ಜಾಹೀರಾತು ನಿರ್ದೇಶಕ ಪ್ರಸೂನ್ ಪಾಂಡೆಯವರದು. ಅಮಿತಾಭ್ ಬಚ್ಚನ್ ಅವರ ಕಪ್ಪು ಕನ್ನಡಕ ಕಳೆದಿದೆ, ಇಡೀ ಸಂಸಾರ ಹುಡುಕುತ್ತಿದೆ. ರಜನಿಕಾಂತ್, ಮಮ್ಮುಟ್ಟಿ, ಮೋಹನ್‌ಲಾಲ್, ಚಿರಂಜೀವಿ, ನಮ್ಮ ಶಿವರಾಜ್‌ಕುಮಾರ್, ಸೋನಾಲಿ ಕುಲಕರ್ಣಿ, ಎಲ್ಲರೂ ಒಂದೇ ಮನೆಯವರಂತೆ ಕಾಣುತ್ತಾರೆ. ಕೊನೆಯಲ್ಲಿ ಗುಟ್ಟು ರಟ್ಟಾಗುತ್ತದೆ. ಯಾರೂ ಮನೆ ಬಿಟ್ಟು ಹೊರಗೆ ಹೋಗಿಲ್ಲ, ಅವರವರ ಊರಿನ ಅವರವರ ಮನೆಯಲ್ಲೇ ಚಿತ್ರೀಕರಿಸಿ ಜೋಡಿಸಿದ್ದು. ಚಿತ್ರರಂಗದ ದಿನಗೂಲಿ ಕೆಲಸಗಾರರಿಗೆ ನೆರವು ಒದಗಿಸುವ ಯೋಜನೆಯ ಭಾಗ ಅದು. ದೊಡ್ಡ ಮನೆಗಳಲ್ಲೇ ತೆಗೆದದ್ದಾದರೂ ನನಗೆ ಅದು ಚುಚ್ಚಲಿಲ್ಲ. ಲೈಟು ಹಿಡಿಯುವವರ ಒಲೆ ಉರಿಯುತ್ತಿಲ್ಲ ಎಂಬುದು ಅದನ್ನು ಮಾಡಿದವರಿಗೆ ಗೊತ್ತಿತ್ತು.

ತಿಂಗಳುಗಳು ಕಳೆದಂತೆ ನಗಿಸುವವರು ತಮಗೆ ತಕ್ಕ ದಾರಿ ಹುಡುಕಿಕೊಂಡರು. ಕ್ಲಬ್ಬುಗಳು ಮುಚ್ಚಿದ್ದರಿಂದ ನಮ್ಮ ಸ್ಟ್ಯಾಂಡ್-ಅಪ್ ಕಲಾವಿದರು ಝೂಮ್‌ನಲ್ಲಿ ಟಿಕೆಟ್ಟಿಟ್ಟು ಕಾರ್ಯಕ್ರಮ ಮಾಡಿದರು. ನಗು ಕೇಳಲಿ ಎಂದು ಕೆಲವರ ಮೈಕನ್ನು ತೆರೆದಿಡುತ್ತಿದ್ದರು. ಆಗ ನಗುವಿನ ಜೊತೆಗೆ ಯಾರದೋ ಮನೆಯ ಮಿಕ್ಸಿಯೂ ಕೇಳುತ್ತಿತ್ತು. ಸಮಯ್ ರೈನಾ ಮನೆಯಿಂದ ಚೆಸ್ ಆಡುತ್ತಾ ಹರಟೆ ಹೊಡೆದರು. ನಾಸಿಕದ ಗ್ರ್ಯಾಂಡ್‌ಮಾಸ್ಟರ್ ವಿದಿತ್ ಗುಜರಾಥಿಯೂ ಅದರಲ್ಲಿ ಸೇರಿಕೊಂಡರು. ನೋಡುವವರ ಮಾತು ಪರದೆಯ ಪಕ್ಕದಲ್ಲೇ ಹರಿಯುತ್ತಿತ್ತು, ರಾಣಿಯನ್ನು ಕಳಕೊಂಡರೆ ನೂರು ಜನ ಬೈಯುತ್ತಿದ್ದರು.

ಕಪಿಲ್ ಶರ್ಮಾ ಕಾರ್ಯಕ್ರಮ ಆಗಸ್ಟ್ 1ರಂದು ಸ್ಟುಡಿಯೋದಿಂದಲೇ ಮತ್ತೆ ಬಂದಾಗ ಪ್ರೇಕ್ಷಕರ ಕುರ್ಚಿಗಳಲ್ಲಿ ರಟ್ಟಿನ ಬೊಂಬೆಗಳಿದ್ದವು, ನಗುವಿಗೆ ಅರ್ಚನಾ ಪೂರಣ್ ಸಿಂಗ್ ಒಬ್ಬರೇ ಹೊಣೆ ಎಂಬಂತಿತ್ತು. ಅದೇ ತಿಂಗಳು ಕೋಲ್ಬೇರ್ ನ್ಯೂಯಾರ್ಕಿನ ತಮ್ಮ ನಾಟಕಶಾಲೆಯ ಕಟ್ಟಡದ ಒಂದು ಚಿಕ್ಕ ಕೋಣೆಗೆ ಬಂದರು. ಕ್ಯಾಮೆರಾದ ಹಿಂದೆ ಹೆಂಡತಿ ಈವಿ ಕೂತು ನಗುತ್ತಿದ್ದರು. ಆ ಒಂದು ನಗುವೇ ನೋಡುವವರಿಗೂ ಸಾಕಾಯಿತು. 2021ರ ಜೂನ್ 14ರಂದು ತುಂಬಿದ ಸಭೆ ಮರಳಿತು. ಅಟ್ಟದಲ್ಲಿದ್ದ ಸೇತ್ ಮೈಯರ್ಸ್ ಇನ್ನೊಂದು ಕೆಲಸ ಮಾಡಿದರು. ವೀಕ್ಷಕರು ತಮ್ಮ ತಪ್ಪು ತೋರಿಸಿ ಬರೆದದ್ದನ್ನು 2021ರಿಂದ ವಾರಕ್ಕೊಮ್ಮೆ ಓದಿ ತಿದ್ದಿಕೊಳ್ಳುವ ‘ಕರೆಕ್ಷನ್ಸ್’ ಎಂಬ ಭಾಗವನ್ನೇ ಶುರುಮಾಡಿದರು. ಪ್ರೀತಿಯಿಂದ ಅವರನ್ನು ‘ನರಿಗಳು’ ಎಂದು ಕರೆದರು. ಅದನ್ನು ಮೊದಲ ಸಲ ನೋಡಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ನಾವು ರೇಡಿಯೋದವರು ಇದನ್ನು ಪತ್ರೋತ್ತರ ಎನ್ನುತ್ತೇವೆ!

ಇಷ್ಟೆಲ್ಲ ನೋಡಿದ ಮೇಲೆ ನನಗನ್ನಿಸುವುದಿಷ್ಟು. “ಪಕ್ಕದ ಮನೆಯವರಾದಿರಿ” ಎಂದು ಬರೆದವರೂ “ನಗು ಹೇಗೆ ಬರುತ್ತದೆ” ಎಂದು ಬರೆದವರೂ ಕೇಳಿದ್ದು ಒಂದೇ: ನಾವು ಎಲ್ಲಿ, ಹೇಗೆ ಕೂತಿದ್ದೇವೆ ಎಂಬುದು ನಿಮಗೆ ಗೊತ್ತಿದೆಯೇ? ಗೊತ್ತಿದೆ ಎಂದು ತಿಳಿದವರು ಮೊದಲನೆಯದನ್ನು ಬರೆದರು, ಗೊತ್ತಿಲ್ಲ ಎಂದು ತಿಳಿದವರು ಎರಡನೆಯದನ್ನು. ಸಭೆ ತುಂಬಿದ್ದಾಗ ಈ ಪ್ರಶ್ನೆ ಚಪ್ಪಾಳೆಯ ಕೆಳಗೆ ಮುಚ್ಚಿಹೋಗುತ್ತದೆ. ಚಪ್ಪಾಳೆ ಇಲ್ಲದ ಆ ರಾತ್ರಿಗಳಲ್ಲಿ ಅದು ಎಲ್ಲರಿಗೂ ಕೇಳಿಸಿತು.

ಆ ಎರಡನೆಯ ಸಂದೇಶ ಕಳಿಸಿದವರು ಈ ಪುಟವನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು. ಅಂದು ನಿಮಗೆ ಉತ್ತರ ಬರೆಯದೆ ಇದ್ದದ್ದು ನನ್ನ ತಪ್ಪು. ಅಂದಿನಿಂದ ಪ್ರತಿ ಚುಟುಕನ್ನು ಓದುವ ಮೊದಲು, ಇದನ್ನು ಕೇಳುವ ಮನೆಯಲ್ಲಿ ಇವತ್ತು ಏನಾಗಿರಬಹುದು ಎಂದು ಒಮ್ಮೆ ಯೋಚಿಸುತ್ತೇನೆ. ಕೆಲವನ್ನು ಬಿಟ್ಟುಬಿಡುತ್ತೇನೆ, ಹೆಚ್ಚಿನವನ್ನು ಓದುತ್ತೇನೆ. ಯಾಕೆಂದರೆ ಆ ಮನೆಗಳಲ್ಲಿ ನಗಬೇಕೆಂದು ಕಾದವರೂ ಇದ್ದರು.

ಆ ದಿನಗಳಲ್ಲಿ ನಿಮ್ಮನ್ನು ನಗಿಸಿದ್ದು ಯಾವುದು, ನೋಯಿಸಿದ್ದು ಯಾವುದು? ನಾಲ್ಕು ಸಾಲು ಬರೆದು ಕಳಿಸಿ. ಬೈದು ಬರೆದರೂ ಚಿಂತೆಯಿಲ್ಲ, ಓದಿಯೇ ಓದುತ್ತೇನೆ. ಹಾಂ, ಕೇಳಿದವರಿಗೆಲ್ಲ ಉತ್ತರ: ಅದು ಬೇಳೆ, ಎರಡನೆಯ ಕೂಗು.